ಎಳ್ಳಮಾವಾಸ್ಯೆಯ ದಾರಿಯಲ್ಲಿ ಅತ್ತೆಯ ಬರಿಗೊರಳು

ಈಗ ನಮ್ಮ ಮನೆಯ ಮುಂದೆ ಕಾರು ನಿಂತಿರುತ್ತದೆ. ಗಾಜು ಏರಿಸಿ ಕುಳಿತರೆ ಉಮರ್ಗಾದಿಂದ ಉದಗೀರದವರೆಗೆ ಧೂಳಿಲ್ಲ, ಚಳಿಯಿಲ್ಲ, ಸೆರಗು ಗಾಲಿಗೆ ಸಿಕ್ಕೀತೆಂಬ ಭಯವೂ ಇಲ್ಲ. ಶಿವ ಕೊಟ್ಟದ್ದನ್ನು ಬೇಡವೆನ್ನಬಾರದು. ಆದರೂ ಎಳ್ಳಮಾವಾಸ್ಯೆ ಹತ್ತಿರ ಬಂದಿತೆಂದರೆ ನನಗೆ ಕಾರಿನ ಸುಖ ನೆನಪಾಗುವುದಿಲ್ಲ. ಗಾಡಿಯ ಹಿಂದಿನ ಸೀಟಿನಲ್ಲಿ ಒಂದು ಬದಿಗೆ ಕುಳಿತು, ಮೊಣಕಾಲು ಸೆಟೆದು, ಮೂಗಿಗೆ ಹಸಿ ಕಡಲೆ ಗಿಡದ ಹುಳಿ ವಾಸನೆ ಬಡಿಯುತ್ತಿದ್ದುದೇ ನೆನಪಾಗುತ್ತದೆ. ಮೋಟಾರ್ ಸೈಕಲ್ಲಿಗೆ ನಾವೆಲ್ಲ ಗಾಡಿ ಅನ್ನುತ್ತೇವೆ. ಅತ್ತೆ ಮಾತ್ರ ಫಟಫಟಿ ಅನ್ನುತ್ತಾರೆ.

ನಮ್ಮದು ಉಮರ್ಗಾದ ಬಜಾರಿನಲ್ಲಿ ಬಟ್ಟೆ ಅಂಗಡಿ. ದೀಪಾವಳಿಗೂ ಅರ್ಧ ಬಾಗಿಲು ತೆರೆದೇ ಇರುವ ನಮ್ಮ ಬಜಾರು ಎಳ್ಳಮಾವಾಸ್ಯೆಗೆ ಮಾತ್ರ ಪೂರ್ತಿ ಮುಚ್ಚುತ್ತದೆ. ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಜೋಳದ ಕಣಿಕೆಯ ಸಣ್ಣ ಗುಡಿಸಲು ಕಟ್ಟಿ, ಅದರೊಳಗೆ ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಹೊಲದ ತುಂಬ ನೈವೇದ್ಯದ ಚರಗ ಚೆಲ್ಲಿ, ಕಾಳು ಸೊಪ್ಪಿನ ಭಜ್ಜಿ, ಕಡಬು, ಅಂಬಲಿ ಉಣ್ಣುವ ಹಬ್ಬ. ನಮಗೆ ಹೊಲವಿಲ್ಲ. ಆದ್ದರಿಂದ ಯಜಮಾನರ ಗೆಳೆಯರೊಬ್ಬರ ಬೀಗರ ಹೊಲಕ್ಕೆ, ಉದಗೀರದ ಈಚೆಗೆ, ವರ್ಷವರ್ಷವೂ ಹೋಗುತ್ತಿದ್ದೆವು. ಗೆಳೆಯರು ಕಿರಾಣಿ ವ್ಯಾಪಾರಿ, ನಮ್ಮಂತೆಯೇ ಲಿಂಗವಂತರು. ಅವರ ಹೆಂಡತಿಯ ತವರಿನ ಹೊಲ ಅದು. ಒಂದು ಗಾಡಿಯ ಮೇಲೆ ಅವರಿಬ್ಬರು, ಒಂದರ ಮೇಲೆ ನಾವಿಬ್ಬರು, ಒಂದರ ಮೇಲೆ ಆಗಿನ್ನೂ ಮದುವೆಯಾಗದ ನನ್ನ ಮೈದುನ. ಒಂದು ಗಾಡಿಯಿಂದ ಇನ್ನೊಂದಕ್ಕೆ ಕೂಗಿ ಕೂಗಿ ಮಾತಾಡುತ್ತ ನಿಲಂಗಾ ಮುಟ್ಟುವಷ್ಟರಲ್ಲಿ ಗಂಟಲು ಕಟ್ಟಿರುತ್ತಿತ್ತು. ಹೇಳಿದ ಮಾತು ಅರ್ಧ ಗಾಳಿಗೆ ಹೋಗಿರುತ್ತಿತ್ತು, ಕೇಳಿದವರು ಉಳಿದರ್ಧಕ್ಕೇ ನಗುತ್ತಿದ್ದರು.

ಒಂದು ವರ್ಷ ಅತ್ತೆ, "ನಾನೂ ಬರ್ತೀನಿ" ಅಂದರು.

"ಬಸ್ಸಿನ್ಯಾಗ ಬಾ ಅವ್ವಾ, ನಾ ಸ್ಟ್ಯಾಂಡಿಗಿ ಬಂದು ಕರಕೊಂಡು ಹೋಗ್ತೀನಿ" ಅಂದರು ಯಜಮಾನರು.

"ಬಸ್ಸಿನ್ಯಾಗ ಹೋಗೂದು ದವಾಖಾನಿಗಿ. ಸಣ್ಣಾವನ ಫಟಫಟಿ ಮ್ಯಾಲ ಬರ್ತೀನಿ. ಅಂವಾ ಮೆತ್ತಗ ಹೊಡೀತಾನ."

ಅತ್ತೆಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಏನಾದರೂ ಬೀಳಬೇಕು. ಯಜಮಾನರ ಹೆದರಿಕೆ ಅದೇ. ಆದರೆ ಅತ್ತೆಯ ಮಾತಿನ ಮುಂದೆ ಮನೆಯಲ್ಲಿ ಯಾರ ಮಾತೂ ನಡೆಯುವುದಿಲ್ಲ. ನಸುಕಿನಲ್ಲೇ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ಮಾವನ ಹಳೆಯ ಉಣ್ಣೆಯ ಸ್ವೆಟರನ್ನು ತಲೆಯಿಂದ ಇಳಿಬಿಟ್ಟುಕೊಂಡು, ಮೇಲೆ ಸೆರಗು ಹೊದ್ದು, ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದರು.

ನಿಲಂಗಾಕ್ಕೆ ಬಂದಾಗ ಬಿಸಿಲು ಬಿದ್ದಿತ್ತು. ಚಹಾದ ಅಂಗಡಿ ಒಂದೇ ತೆರೆದಿತ್ತು. ಅತ್ತೆ ಬಿಸ್ಕೀಟಿನ ಜೊತೆ ಚಹಾ ಕುಡಿದು ಗುಳಿಗೆ ನುಂಗಿದರು. ಸೆಕೆಯಾಯಿತೆಂದು ಸ್ವೆಟರನ್ನು ಅಲ್ಲೇ ತಲೆಯ ಮೇಲಿಂದ ಜಗ್ಗಿ ತೆಗೆದರು. ಗೆಳೆಯರ ಗಾಡಿಯ ಹಿಂದೆ ಹೋಳಿಗೆಯ ದೊಡ್ಡ ಸ್ಟೀಲಿನ ಡಬ್ಬಿ ಕಟ್ಟಿತ್ತು, ಅವರ ಹೆಂಡತಿ ತವರಿಗೆ ಒಯ್ಯುತ್ತಿದ್ದುದು. ಉಮರ್ಗಾದಿಂದ ಅದು ಟಣಟಣ ಬಡಿದುಕೊಳ್ಳುತ್ತಲೇ ಬಂದಿತ್ತು.

"ಏ, ಇದನ್ನ ಅದರ ಬುಡಕ ತುರುಕು. ಕಿವಿ ಕಿವುಡ ಮಾಡ್ಲತ್ಯಾದ ನಿನ್ನ ಡಬ್ಬಿ" ಅಂತ ಅತ್ತೆ ಸ್ವೆಟರನ್ನು ಗೆಳೆಯರ ಕೈಗೆ ಕೊಟ್ಟರು.

"ಡಬ್ಬಿ ನಂದಲ್ಲ ಆಯಿ, ನಿಮ್ಮ ಸೊಸಿದು" ಅಂತ ಹೆಂಡತಿಯತ್ತ ಕೈ ಮಾಡಿ, ತುರುಕಿ ಕಟ್ಟಿದರು. ಅವರು ಗಾಡಿ ಹತ್ತಿದರೆಂದರೆ ಕಣ್ಣಿಗೆ ಕಾಣುವವರಲ್ಲ. "ಮುಂದ ಹೋಗಿ ಒಲಿ ಹಚ್ಚಸ್ತೀನಿ" ಅಂತ ಹೆಂಡತಿಯನ್ನು ಕೂರಿಸಿಕೊಂಡು ಹೋಗಿಯೇಬಿಟ್ಟರು.

ನಿಲಂಗಾ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಮುಂದಿದ್ದ ಮೈದುನನ ಗಾಡಿ ರಸ್ತೆಯ ಬದಿಗೆ ನಿಂತಿತು. ಅತ್ತೆ ಇಳಿದು ನಿಂತಿದ್ದರು. ಒಂದು ಕೈ ಕುತ್ತಿಗೆಯ ಮೇಲಿತ್ತು.

"ಲಿಂಗ ಇಲ್ಲ" ಅಂದರು.

ಅಷ್ಟೇ. ಕೂಗಲಿಲ್ಲ, ಅಳಲಿಲ್ಲ. ನಾನು ಅವರ ಸೆರಗು ಕೊಡವಿದೆ, ಸೀರೆಯ ನಿರಿಗೆ ನೋಡಿದೆ, ಚೀಲ ಸುರುವಿದೆ. ಲಿಂಗವಿಟ್ಟ ಬೆಳ್ಳಿಯ ಕರಡಿಗೆಯೂ ಇಲ್ಲ, ಅದರ ಶಿವದಾರವೂ ಇಲ್ಲ. ಆ ಲಿಂಗ ಮದುವೆಗೆ ಮುಂಚೆ ಸಾಸ್ತೂರಿನ ತವರಿನಲ್ಲಿ ದೀಕ್ಷೆ ಕೊಟ್ಟಾಗ ಕಟ್ಟಿದ್ದು. ತೊಂಬತ್ಮೂರರ ಭೂಕಂಪದ ಬೆಳಗಿನಲ್ಲಿ ತವರಿನ ಗೋಡೆ ಬಿದ್ದು ಅವರನ್ನು ಮಣ್ಣಿನೊಳಗಿಂದ ಎಳೆದಾಗಲೂ ಅದು ಕೊರಳಲ್ಲೇ ಇತ್ತಂತೆ. ಲಿಂಗ ಮೈಮೇಲಿಲ್ಲದೆ ಹನಿ ನೀರೂ ಬಾಯಿಗೆ ಹಾಕಬಾರದೆಂದು ಅವರಿಗೆ ಗುರುಗಳು ಹೇಳಿದ್ದರು. ನಮಗೂ ಹೇಳಿದ್ದಾರೆ. ಆದರೆ ಅವರು ಕೇಳಿದ್ದು ಬೇರೆ ರೀತಿ, ನಾವು ಕೇಳಿದ್ದು ಬೇರೆ ರೀತಿ.

ಯಜಮಾನರಿಗೆ ಸಿಟ್ಟು ಬಂದಿತ್ತು. "ನಾ ಮೊದ್ಲೇ ಹೇಳ್ದೆ, ಬಸ್ಸಿನ್ಯಾಗ ಬಾ ಅಂತ."

"ಬಸ್ಸಿನ್ಯಾಗ ಬಂದಿದ್ರ ನಿನ್ನ ಕಂಡಕ್ಟರ್ ಹುಡುಕಿ ಕೊಡ್ತಿದ್ನೇನು?"

"ಜರಾ ನೀರು ಕುಡಿ. ಗುಳಿಗಿ ತಗೊಂಡೀದಿ. ನಾವು ಹುಡುಕಿ ತರ್ತೀವಿ."

"ಕೊರಳೇ ಬರೇ ಅದ. ನೀರು ಎಲ್ಲಿಂದ ಇಳೀತದ? ಹೋಗ್ರಿ, ನೋಡ್ಕೋತ ಹೋಗ್ರಿ."

ಯಜಮಾನರು ಗೆಳೆಯರಿಗೆ ಫೋನು ಹಚ್ಚಿದರು. ರಿಂಗಾಯಿತು, ಅವರು ಎತ್ತಲಿಲ್ಲ. ಗಾಡಿ ಹೊಡೆಯುವಾಗ ಅವರಿಗೆ ಏನೂ ಕೇಳುವುದಿಲ್ಲ. ಅಣ್ಣ ತಮ್ಮ ಇಬ್ಬರೂ ರಸ್ತೆಯ ಒಂದೊಂದು ಅಂಚು ಹಿಡಿದು, ನಡೆಯುವವರಿಗಿಂತ ಮೆಲ್ಲಗೆ, ನಿಲಂಗಾದ ಕಡೆಗೆ ತಿರುಗಿ ಹೊರಟರು. ನಾನು ಅತ್ತೆಯೊಡನೆ ಬೇವಿನ ಮರದ ಕೆಳಗೆ ಉಳಿದೆ.

ಮರದ ಆಚೆಗೇ ಒಂದು ಹೊಲ. ಅಲ್ಲಿ ಹಬ್ಬ ನಡೆದಿತ್ತು. ಎಳ್ಳಮಾವಾಸ್ಯೆಯ ದಿನ ದಾರಿಯಲ್ಲಿ ಹೋಗುವವರನ್ನು ಉಣ್ಣಲು ಕರೆಯದೆ ಬಿಡುವ ಹೊಲ ನಮ್ಮ ಕಡೆ ಇಲ್ಲ. ಅತ್ತೆಯ ವಯಸ್ಸಿನ ಮರಾಠಿ ಹೆಂಗಸೊಬ್ಬಳು, ಆ ಹೊಲದ ಬಾಯಿ, ಬದುವಿನ ಮೇಲೆ ನಿಂತು, "ಯಾ ಮಾವಶಿ, ಜೇವಾಯ್ಲಾ ಯಾ" ಅಂತ ಊಟಕ್ಕೆ ಕರೆದಳು.

"ನಕೋ ಬಾಯಿ" ಅಂದರು ಅತ್ತೆ. ಕೊರಳು ಮುಟ್ಟಿ ತೋರಿಸಿದರು. "ದೇವ ಹರವಲಾ."

ದೇವರು ಕಳೆದಿದೆ ಅಂದರೆ ಆಕೆಗೆ ಏನು ತಿಳಿಯಿತೋ, ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ಓಡಿ ಬಂದಳು. ನಾನು ಬಿಡಿಸಿ ಹೇಳಿದೆ. ಆಕೆ ಗಂಡನನ್ನೂ ಇಬ್ಬರು ಮಕ್ಕಳನ್ನೂ ಪಂಗತಿಯಿಂದ ಎಬ್ಬಿಸಿ ರಸ್ತೆಗೆ ಕಳಿಸಿದಳು. ಅರ್ಧ ಉಂಡವರು ಕೈ ತೊಳೆದು ಬಂದು, ಹುಲ್ಲು ಸರಿಸಿ ಸರಿಸಿ ನೋಡತೊಡಗಿದರು. ಪರಿಚಯವಿಲ್ಲ, ಜಾತಿ ಬೇರೆ, ಭಾಷೆ ಬೇರೆ. ಅಂಥ ಮಂದಿಯ ಹೊಲದ ಮುಂದೆಯೇ ಗಾಡಿ ನಿಂತದ್ದು ನಮ್ಮ ಪುಣ್ಯವೆಂದು ನಾನು ಈಗಲೂ ನೆನೆಯುತ್ತೇನೆ.

ಅತ್ತೆಯನ್ನು ಕಣಿಕೆಯ ಗುಡಿಸಲಿನ ನೆರಳಿಗೆ ಕರೆತಂದೆವು. ಬಿಸಿಲು ಏರಿತು. ನೆಲದ ಮೇಲೆ ಹಾಸಿದ ಕೌದಿಯಲ್ಲಿ ಮೊದಲು ಕುಳಿತಿದ್ದವರು ಆಮೇಲೆ ಒರಗಿದರು. ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿಯತೊಡಗಿತು. ಬೆರಳು ನಡುಗುತ್ತಿದ್ದವು. ಸಕ್ಕರೆ ಇಳಿದಾಗ ಹೀಗಾಗುತ್ತದೆ, ಮನೆಯಲ್ಲಿ ಎರಡು ಸಲ ನೋಡಿದ್ದೇನೆ. ಹೊಲದ ಬಾಯಿ ಮುತ್ತುಗದ ಎಲೆಯ ಮೇಲೆ ಒಂದು ಹೆಂಟೆ ಬೆಲ್ಲ ಇಟ್ಟು ತಂದಳು. ಅತ್ತೆ ತುಟಿ ಬಿಗಿಹಿಡಿದು ಮುಖ ತಿರುಗಿಸಿದರು.

ಗಂಡಸರು ಬರಿಗೈಯಲ್ಲಿ ಬಂದರು. ಚಹಾದ ಅಂಗಡಿಯ ಬೆಂಚಿನ ಕೆಳಗೂ ನೋಡಿ ಬಂದಿದ್ದರು. ಮೈದುನನ ಮುಖ ಸಣ್ಣದಾಗಿತ್ತು. "ಆಟೋ ತರ್ತೀನಿ, ನಿಲಂಗಾದ ದವಾಖಾನಿಗಿ ಒಯ್ಯಮು. ಅಲ್ಲಿಂದ ಸೀದಾ ಮನಿಗಿ" ಅಂದರು ಯಜಮಾನರು.

"ಸಲೈನ್ ಬಾಟಲಿ ಹಚ್ಚಿದ್ರ ಕಿತ್ತಿ ಒಗೀತೀನಿ" ಅಂತ ಕಣ್ಣು ಮುಚ್ಚಿಕೊಂಡೇ ಅತ್ತೆ ಹೇಳಿದರು. ದನಿಯಲ್ಲಿ ಬಲವಿರಲಿಲ್ಲ. ಯಜಮಾನರು ಆ ಕಡೆ ಮುಖ ಮಾಡಿ ನಿಂತರು. ಮೈದುನ ಆಟೋ ತರಲು ನಿಲಂಗಾಕ್ಕೆ ಹೋದ.

ನನಗೆ ಏನೂ ತೋಚಲಿಲ್ಲ. ತೋಚದಿದ್ದಾಗ ಮಾಡುವುದು ಒಂದೇ. ಕೈ ತೊಳೆದು ಬಂದು ಅವರ ಪಕ್ಕದಲ್ಲಿ ಕುಳಿತು, ನನ್ನ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡೆ. ವಿಭೂತಿ ಹಚ್ಚಿದೆ. ಅವರ ಜೀವ ಉಳಿಸು ಅಂತ ಕೇಳಿಕೊಂಡೆ. ಪೂಜೆ ಮುಗಿದಾಗ ಲಿಂಗಕ್ಕೆ ಏನಾದರೂ ತೋರಿಸಬೇಕಲ್ಲ, ಎದುರಿಗೆ ಆ ಬೆಲ್ಲವಿತ್ತು, ರೂಢಿಯಂತೆ ಅದನ್ನೇ ತೋರಿಸಿದೆ. ತೋರಿಸಿ ಕೈಗೆ ತೆಗೆದುಕೊಂಡ ಮೇಲೆಯೇ ಹೊಳೆದದ್ದು, ಈಗ ಇದು ಬರೀ ಬೆಲ್ಲವಲ್ಲ.

"ಅತ್ತೀ, ಪ್ರಸಾದ ತಗೋರಿ."

ಅವರು ಒಂದು ಕಣ್ಣು ತೆರೆದರು. "ಯಾರ ಪ್ರಸಾದ?"

"ಲಿಂಗದ್ದು. ಈಗ ಪೂಜಿ ಮಾಡೀನಿ."

"ನಿನ್ನ ಲಿಂಗದ್ದು."

"ನಂದು ಬ್ಯಾರಿ ಶಿವ, ನಿಮ್ಮದು ಬ್ಯಾರಿ ಶಿವ ಅಂತ ನೀವು ಎಂದರ ಹೇಳೀರೇನ್ರಿ?"

ಎರಡೂ ಕಣ್ಣು ತೆರೆದರು. "ಬಾಯಿ ಬಂದದ ನಿಂಗ" ಅಂದರು. ಆಮೇಲೆ ಕೈ ಚಾಚಿದರು. "ಪ್ರಸಾದ ಒಲ್ಲೆ ಅಂದ್ರ ಅದೂ ಪಾಪನೇ. ಕೊಡು. ಆದ್ರ ನೀರು ಮುಟ್ಟಂಗಿಲ್ಲ, ಈಗೇ ಹೇಳಿರ್ತೀನಿ."

ಬೆಲ್ಲವನ್ನು ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಒಣಗಿದ ಬಾಯಲ್ಲಿ ಅದು ಕರಗಲು ಎಷ್ಟು ಹೊತ್ತು ಹಿಡಿಯಿತೋ. ನಾನು ಅವರ ಬೆರಳನ್ನೇ ನೋಡುತ್ತ ಕುಳಿತೆ. ನಡುಕ ಮೆಲ್ಲಗೆ ಇಳಿಯಿತು.

ಆಗ ಯಜಮಾನರ ಫೋನು ರಿಂಗಾಯಿತು. ಗೆಳೆಯರು ಉದಗೀರದ ಹೊಲ ಮುಟ್ಟಿ, ಡಬ್ಬಿಯ ಹಗ್ಗ ಬಿಚ್ಚಿದಾಗ ಸ್ವೆಟರ್ ಜಾರಿ ಬಿದ್ದಿತ್ತು. ಅದರ ಒಳಮೈಗೆ ಶಿವದಾರ ಸಿಕ್ಕಿಕೊಂಡು ಕರಡಿಗೆ ಜೋತಾಡುತ್ತಿತ್ತಂತೆ. ನಿಲಂಗಾದಲ್ಲಿ ತಲೆಯ ಮೇಲಿಂದ ಸ್ವೆಟರ್ ಜಗ್ಗಿದಾಗ ಲಿಂಗವೂ ಅದರ ಜೊತೆಗೇ ಬಂದಿತ್ತು. ನಾವು ಹಿಂದಿನ ದಾರಿಯಲ್ಲಿ ಹುಲ್ಲು ಸರಿಸುತ್ತಿದ್ದಾಗ ಅದು ಮುಂದಿನ ದಾರಿಯಲ್ಲಿ, ಹೋಳಿಗೆ ಡಬ್ಬಿಯ ಬುಡದಲ್ಲಿ, ಉದಗೀರಕ್ಕೆ ಹೋಗಿ ಮುಟ್ಟಿತ್ತು.

"ಸಿಕ್ಕದ ಅವ್ವಾ. ಈಗರ ನೀರು ಕುಡಿ" ಅಂದರು ಯಜಮಾನರು.

"ಫೋನಿನ್ಯಾಗ ಸಿಕ್ಕದ. ಕೊರಳಾಗ ಬರ್ಲಿ."

ಮೈದುನ ತಂದ ಆಟೋದವನು ಬಾಡಿಗೆ ಬೇಡವೆಂದು, ಉಂಡು ಹೋದ. ನಾವು ಕಾದೆವು. ಗೆಳೆಯರ ವೇಗ ನಮಗೆ ಗೊತ್ತು, ಆ ಲೆಕ್ಕಕ್ಕೆ ಅವರು ಇಷ್ಟೊತ್ತಿಗೆ ಬರಬೇಕಿತ್ತು. ಬರಲಿಲ್ಲ. ಕೊನೆಗೆ ರಸ್ತೆಯ ತಿರುವಿನಲ್ಲಿ ಒಂದು ಗಾಡಿ ಕಂಡಿತು, ಸೈಕಲ್ಲಿನವನೊಬ್ಬ ಅದನ್ನು ಹಿಂದೆ ಹಾಕಿ ಮುಂದೆ ಬಂದ. ಅವರೇ. ಒಬ್ಬರೇ ಬಂದಿದ್ದರು. ಲಿಂಗವನ್ನು ಹೊಸ ಟಾವೆಲ್ಲಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಎಳೆಗೂಸನ್ನು ಹೊತ್ತವರಂತೆ ಬಂದರು.

"ನಿನ್ನ ಗಾಡಿ ಕೆಟ್ಟಿತ್ತೇನೋ?" ಅಂದರು ಯಜಮಾನರು.

"ತಗ್ಗು ಬಂದಾಗೆಲ್ಲ ಇಳದು ನೂಕಿಕೊಂಡು ಬಂದೀನಿ. ನಿಂಗೇನ್ ಗೊತ್ತು, ಸುಮ್ನಿರು."

ಅತ್ತೆ ಎರಡೂ ಕೈಯೊಡ್ಡಿ ಇಸಿದುಕೊಂಡರು. ಹಣೆಗೆ ಒತ್ತಿಕೊಂಡರು. ನಾನು ಅವರ ಕೈ ಹಿಡಿದು ಪಂಪಿನ ನೀರಿನವರೆಗೆ ನಡೆಸಿದೆ. ಮುಖ ತೊಳೆದು, ಲಿಂಗ ತೊಳೆದು, ಬದುವಿನ ಮೇಲೆ ಕುಳಿತು ಪೂಜೆ ಮಾಡಿದರು. ಯಾವ ಅವಸರವೂ ಇರಲಿಲ್ಲ. ಹೊಲದ ಮಂದಿ ಕೈಕಟ್ಟಿ ನಿಂತು ನೋಡಿದರು. ದಾರಕ್ಕೆ ಎರಡು ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡ ಮೇಲೆ, ತಂಬಿಗೆ ಎತ್ತಿ ನೀರು ಕುಡಿದರು.

ಹೊಲದ ಬಾಯಿ ಅಂಬಲಿ, ಭಜ್ಜಿ, ಕಡಬು ಬಡಿಸಿದಳು. ಅತ್ತೆ ಕಡಬು ಮುರಿದವರು ಬಾಯಿಗೆ ಒಯ್ಯದೆ ಗೆಳೆಯರತ್ತ ನೋಡಿದರು.

"ನೀ ಏನರ ಉಂಡೀಯೇನು?"

"ಇಲ್ರಿ ಆಯಿ. ನಿಮ್ಮ ಲಿಂಗ ನನ್ನ ಎದಿ ಮ್ಯಾಲಿತ್ತು, ನೀವು ಇಲ್ಲಿ ಉಪಾಸ. ಹ್ಯಾಂಗ ಉಣ್ಲಿ?"

"ನೀರು?"

ಅವರು ಅದೂ ಇಲ್ಲವೆಂದು ತಲೆಯಾಡಿಸಿದರು. ಅತ್ತೆ ಮುರಿದ ಕಡಬಿನ ಮೊದಲ ತುಂಡನ್ನು ಅವರ ಕೈಗೆ ಇಟ್ಟರು. ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಗಂಡುಮಕ್ಕಳು ಪಕ್ಕದಲ್ಲೇ ಕುಳಿತಿದ್ದರು, ಅವರಿಗೆ ಆಮೇಲೆ ಕೊಟ್ಟರು. ನನಗೆ ಕೊನೆಗೆ ಸಿಕ್ಕಿತು, ದೊಡ್ಡ ತುಂಡು.

ಉಂಡು ಕೈ ತೊಳೆದಾಗ ಹೊತ್ತು ವಾಲಿತ್ತು. ಯಜಮಾನರು, "ಇನ್ನ ತಿರುಗಿ ಮನಿಗಿ ಹೋಗಮು ಅವ್ವಾ, ಸಾಕಾಗ್ಯಾದ" ಅಂದರು.

ಅತ್ತೆ ಸೆರಗು ಕೊಡವಿ ಎದ್ದು ನಿಂತರು. "ಯಾರಿಗಿ ಸಾಕಾಗ್ಯಾದ? ಉದಗೀರಕ್ಕ ಫೋನ್ ಹಚ್ಚು. ಒಲಿ ಆರಸಬ್ಯಾಡ್ರಿ, ಹೊತ್ತಾದ್ರೂ ಬರ್ತೀವಿ ಅಂತ ಹೇಳು."

ಯಜಮಾನರು ಜೇಬಿನಿಂದ ಫೋನು ತೆಗೆದರು.