ಶಾಂತವ್ವನಿಗೆ ಯಾವ ಶಬ್ದ?

ಗಡಿಯಾಚೆ, ಮರಾಠಿ ಸೀಮೆಯ ಜತ್ತ ತಾಲೂಕಿನ ಒಂದು ಕನ್ನಡ ಸಾಲಿಯಲ್ಲಿ ನಾನು ಮಾಸ್ತರ. ಹದಿನೆಂಟು ವರ್ಷ ಮಕ್ಕಳಿಗೆ ಬಿಸಿಯೂಟ ಮಾಡಿಹಾಕಿದ ಶಾಂತವ್ವ ಕೆಲಸ ಬಿಡುವಾಗ, ಆಕೆಗೆ ಇಂಗ್ಲಿಷಿನಲ್ಲೇ ಪ್ರಮಾಣಪತ್ರ ಕೊಡಬೇಕೆಂದು ನಮ್ಮ ಸಂಸ್ಥೆಯ ಅಧ್ಯಕ್ಷರು ಹಟ ಹಿಡಿದರು. ಆಕೆಗೋ ಕನ್ನಡ, ಮರಾಠಿ ಬಿಟ್ಟರೆ ಬೇರೆ ಬಾರದು.

"ಮಾಸ್ತರ, 'ಎಕ್ಸಲೆಂಟ್' ದೊಡ್ಡದೋ, 'ಔಟ್‌ಸ್ಟ್ಯಾಂಡಿಂಗ್' ದೊಡ್ಡದೋ?" ಎಂದು ಅಧ್ಯಕ್ಷರು ಕೇಳಿದರು.

"ಒಂದು ಭಾಳ ಚಲೋ ಅನ್ನೂದು, ಇನ್ನೊಂದು ಎಲ್ಲಾರಕಿಂತ ಎದ್ದು ಕಾಣೂದು. ಯಾವುದಾದ್ರೂ ನಡೀತೈತ್ರಿ."

"ನಡೀತೈತಿ ಅಂದ್ರ ಹೆಂಗ? ಸಂಸ್ಥಾದ ಇಜ್ಜತ್ತಿನ ಪ್ರಶ್ನೆ!"

ಮಧ್ಯಾಹ್ನವೆಲ್ಲ ಮೊಬೈಲ್ ತಿಕ್ಕಿ, ಎಲ್ಲಕ್ಕಿಂತ ಉದ್ದವಿದೆ ಎಂಬ ಒಂದೇ ಕಾರಣಕ್ಕೆ 'ಎಕ್ಸ್‌ಟ್ರಾಆರ್ಡಿನರಿ' ಆರಿಸಿದರು.

ಸತ್ಕಾರದ ದಿನ ಶಾಂತವ್ವ ಚೌಕಟ್ಟು ಹಾಕಿದ ಪ್ರಮಾಣಪತ್ರ ಹಿಡಿದು ನನ್ನ ಹತ್ತಿರ ಬಂದಳು. "ಏನ ಬರದಾರ, ಓದ್ರಿ ಮಾಸ್ತರ."

ಓದಿದೆ.

"ಯಾರ್ರಿ ಈ ಶಾಂತಾಬಾಯಿ? ನಾ ಶಾಂತವ್ವ."

ಅಧ್ಯಕ್ಷರು ನಕ್ಕರು. "ಹೆಸರಿಂದೇನ ಬಿಡವಾ, ಶಬ್ದ ಎಷ್ಟು ಭಾರಿ ಐತಿ ನೋಡು!"

"ಹಂಗಾದ್ರ ಆ ಬಾಯಿ ಬಂದಾಗ ಆಕಿಗೇ ಕೊಡ್ರಿ" ಎಂದು ಚೌಕಟ್ಟನ್ನು ಮೇಜಿನ ಮೇಲಿಟ್ಟು ಶಾಂತವ್ವ ಮನೆಗೆ ಹೋದಳು.

ಮರುದಿನ ಅಧ್ಯಕ್ಷರು ಸಮಾರಂಭದ ವರದಿ ಕೇಳಿದರು, ಅದೂ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಒಂದೇ ಶಬ್ದ ಬರೆದುಕೊಟ್ಟೆ: "ಆತು."