ಬಸುರಿಯರ ಜೊತೆ ಉಣ್ಣುವ ಫುವಾಟಿನೊ

ಬೆಳಗಿನ ಐದೂವರೆ. ಸವಾಯಿ ದ್ವೀಪದ ಈ ಊರಲ್ಲಿ ಒಲೆಗಳಿಗೆ ಇನ್ನೂ ಬೆಂಕಿ ಬಿದ್ದಿಲ್ಲ. ಐವತ್ತೆಂಟರ ಫುವಾಟಿನೊ ತೆಂಗಿನ ಗರಿಯ ಬುಟ್ಟಿ ಹೊತ್ತು ಹೊರಟಾಗಿದೆ. ಬುಟ್ಟಿಯಲ್ಲಿ ಬೇಯಿಸಿದ ಬಾಳೆಕಾಯಿ, ಚೆನ್ನಾಗಿ ಮಾಗಿದ ಪಪ್ಪಾಯಿಯ ಹೋಳು. ಮೊದಲ ಮನೆಯಲ್ಲಿ ಏಳು ತಿಂಗಳ ಬಸುರಿ ಸಿಯೆನಿ ಕಂಬಕ್ಕೊರಗಿ ಕಾಯುತ್ತಿದ್ದಾಳೆ. ಫುವಾಟಿನೊ ಎದುರಿಗೆ ಕೂತು ಒಂದು ಬಾಳೆಕಾಯಿ ಮುರಿಯುತ್ತಾಳೆ. ಅರ್ಧ ಅವಳ ಕೈಗೆ, ಇನ್ನರ್ಧ ತನ್ನ ಬಾಯಿಗೆ. ಇವಳ ಕೆಲಸವೇ ಇದು, ಬಸುರಿಯರ ಜೊತೆ ತಿನ್ನುವುದು.

ನಗುವವರು ನಗಲಿ. ಇಲ್ಲಿ ಬಸುರಿ ಒಬ್ಬಳೇ ಕೂತು ತಿನ್ನುವಂತಿಲ್ಲ, ತಿಂದರೆ ಮಗುವಿಗೆ ಕೇಡು ಅನ್ನುತ್ತಾರೆ. ಮನೆಯವರು ತೋಟಕ್ಕೋ ಮೀನಿಗೋ ಹೋದರೆ ಸಂಜೆಯ ಪ್ರಾರ್ಥನೆ ಮುಗಿಯುವ ತನಕ ಅವಳಿಗೆ ಉಪವಾಸ. ಆಮೇಲೆ ಕೆಸುವಿನ ಗೆಡ್ಡೆ, ಗಟ್ಟಿ ತೆಂಗಿನ ಹಾಲು ಕಂಠಮಟ್ಟ ಇಳಿಸಿ ಚಾಪೆ ಮೇಲೆ ಅಂಗಾತ ಬೀಳುವುದು. ಎದೆ ಉರಿಯದೆ ತಂಪಾಗುತ್ತದೆಯೇ? ಪೇಟೆಯಿಂದ ಬಂದ ಆರೋಗ್ಯದವರು ಕಂಬಕ್ಕೊಂದು ಕಾಗದ ಅಂಟಿಸಿ ಹೋದರು: ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನಿ. ಯಾರ ಜೊತೆ ಅಂತ ಒಬ್ಬರೂ ಕೇಳಲಿಲ್ಲ. ಗಾಡಿ ಹತ್ತಿದರು, ಹೋದರು.

ಫುವಾಟಿನೊಗೆ ಆ ಉರಿ ಗೊತ್ತಿತ್ತು. ತಾನು ಬಸುರಿಯಾಗಿದ್ದಾಗ ಉರಿಗೆ ಹೆದರಿ ಊಟವನ್ನೇ ಬಿಟ್ಟವಳು ಅವಳು. ಹುಟ್ಟಿದ ಮಗಳು ಒಂಬತ್ತೇ ದಿನ ಬದುಕಿದಳು.

ಸಿಯೆನಿಯೂ ಹಾಗೇ ಊಟ ಬಿಟ್ಟಿದ್ದಳು. ಒಂದೇ ತಿಂಗಳಲ್ಲಿ ಎರಡು ಕಿಲೊ ಇಳಿದಿದ್ದಳು. ಮೂರು ವಾರದ ಹಿಂದೆ ಫುವಾಟಿನೊ ಬುಟ್ಟಿ ಹಿಡಿದು ಬಂದಾಗ ಅತ್ತೆ ತೊಲೊತೆಯಾ ಬಾಗಿಲಲ್ಲೇ ತಡೆದಳು.

"ನನ್ನ ಮನೇಲಿ ಊಟಕ್ಕೆ ಬರ ಬಂದಿದ್ಯಾ? ಮನೆಮನೆ ತಿನ್ನೋಕೆ ನಿಂಗೊಂದು ನೆಪ."

"ಊಟ ಇದೆ ಕಣಕ್ಕಾ, ಜೊತೆಗೆ ಕೂರೋರಿಲ್ಲ. ನೀನು ಕೂರು, ನಾನು ನಾಳೆಯಿಂದ ಬರಲ್ಲ."

ತೊಲೊತೆಯಾ ತೋಟಕ್ಕೆ ಹೋದಳು. ಫುವಾಟಿನೊ ಒಳಗೆ ಬಂದಳು. ಸೊಸೆಯ ತಲೆಯಡಿ ಅತ್ತೆ ಮೂರು ದಿಂಬು ಪೇರಿಸಿದ್ದಳು; ಕುತ್ತಿಗೆ ಬಗ್ಗಿ ಹೊಟ್ಟೆ ಇನ್ನಷ್ಟು ಒತ್ತುತ್ತಿತ್ತು. ಅವನ್ನು ಎತ್ತಿ ಬಿಸಾಕಿ, ಹಳೆ ಚಾಪೆಗಳನ್ನು ಮಡಿಸಿ, ಸೊಂಟದಿಂದ ತಲೆಯವರೆಗೆ ಇಳಿಜಾರು ಮಾಡಿದಳು. ಎಡಮಗ್ಗುಲಿಗೆ ಮಲಗು, ತಿಂದು ಮೂರು ಗಂಟೆ ಆದಮೇಲೆ ಮಲಗು ಅಂದಳು.

ಈಗ ದಿನಕ್ಕೆ ಐದು ಮನೆ, ಮೂರು ಸುತ್ತು. ಹದಿನೈದು ಸಲ ಕೂತು ತಿಂದು ಏಳಬೇಕು, ಮಂಡಿ ಕೇಳುವುದಿಲ್ಲ, ತನ್ನ ಮನೆ ಸೇರುವಾಗ ಹಸಿವೇ ಇರುವುದಿಲ್ಲ. ಆರೋಗ್ಯದವರ ಪುಸ್ತಕದಲ್ಲಿ ಈ ಕೆಲಸಕ್ಕೆ ಹೆಸರೇ ಇಲ್ಲ. ಪ್ರತಿ ಮನೆಯಲ್ಲೂ ತಿನ್ನುವ ಮೊದಲು ಬಸುರಿಯ ಮುಖ ನೋಡುತ್ತಾಳೆ. "ತಲೆ ಸಿಡೀತಿದ್ಯಾ, ಕಣ್ಣು ಮಂಜಾಗ್ತಿದ್ಯಾ, ಮುಖ ಊದಿದ್ಯಾ ಅಂತ ಕೇಳ್ತೀನಿ. ಒಂದಕ್ಕೆ ಹೂಂ ಅಂದ್ರೂ ಅದು ಬರೀ ಎದೆಯುರಿ ಅಲ್ಲ. ಬುಟ್ಟಿ ಅಲ್ಲೇ ಬಿಟ್ಟು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

ನಿನ್ನೆ ನರ್ಸು ಸಿಯೆನಿಯನ್ನು ತೂಗಿದಳು. ಒಂದೂವರೆ ಕಿಲೊ ಏರಿದ್ದಾಳೆ. ಉರಿ ಪೂರ್ತಿ ಹೋಗಿಲ್ಲ, ನಿದ್ದೆ ಮಾತ್ರ ಬರುತ್ತಿದೆ ಅನ್ನುತ್ತಾಳೆ.

ಬೆಳಕು ಹರಿಯುತ್ತಿದೆ. ತೋಟಕ್ಕೆ ಹೊರಟ ತೊಲೊತೆಯಾ ಕತ್ತಿಯನ್ನು ಕಂಬಕ್ಕೊರಗಿಸಿ ಇಬ್ಬರ ನಡುವೆ ಬಂದು ಕೂರುತ್ತಾಳೆ. ಯಾರ ಮುಖವನ್ನೂ ನೋಡದೆ ಒಂದು ಹೋಳು ಪಪ್ಪಾಯಿ ಎತ್ತಿಕೊಳ್ಳುತ್ತಾಳೆ.

ಫುವಾಟಿನೊ ಮಂಡಿ ಹಿಡಿದು ಏಳುತ್ತಾಳೆ. ಇನ್ನು ನಾಲ್ಕೇ ಮನೆ.

"ಎಲ್ಲಾ ಅತ್ತೇರೂ ಹಿಂಗೆ ಕೂತ್ಬಿಟ್ರೆ," ಅನ್ನುತ್ತಾಳೆ, "ನಾನೂ ಒಂದಿನ ಹಸ್ಕೊಂಡು ನನ್ನ ಮನೆಗೆ ಹೋಗಬಹುದು."