ಟವಲ್ಲು ಕೂತಿದ್ದ ಬಸ್ಸು

ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿಸಿಕೊಂಡಿದ್ದ ನನ್ನ ತಾಯಿಯನ್ನು, ಎದುರಿಗೇ ಸೀಟು ಖಾಲಿಯಿದ್ದರೂ, ಬಳ್ಳಾರಿಯಿಂದ ಕುರುಗೋಡಿನವರೆಗೆ ನಿಲ್ಲಿಸಿಕೊಂಡು ಬಂದ ಬಸ್ಸು ಇದು. ಈಗ ಅದಕ್ಕೆ ಹೊಸ ಬಣ್ಣ ಬಳಿದು, ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ಮೇಲೊಂದು ತಗಡಿನ ಸೂರು ಹಾಕಿ ನಿಲ್ಲಿಸಿದ್ದಾರೆ. ಪಕ್ಕದ ಫಲಕ ಹೇಳುತ್ತದೆ: ‘ಈ ಬಸ್ಸಿನಲ್ಲಿ ಬಡವರು ಬಲ್ಲಿದರೆನ್ನದೆ ಎಲ್ಲರೂ ಸಮಾನರಾಗಿ ಕೂತು ಪಯಣಿಸಿದರು.’

ಫಲಕ ಬರೆಸಿದವರಿಗಿಂತ ಈ ಬಸ್ಸಿನ ಚರಿತ್ರೆ ನನಗೆ ಚೆನ್ನಾಗಿ ಗೊತ್ತು. ಐವತ್ತರ ದಶಕದ, ಮೂತಿ ಉದ್ದವಾದ ಗಾಡಿ. ಮೊದಲು ಬಳ್ಳಾರಿ ಊರೊಳಗೆ, ರೈಲು ನಿಲ್ದಾಣಕ್ಕೂ ಕೋಟೆಗುಡ್ಡದ ಬುಡಕ್ಕೂ ತಿರುಗುತ್ತಿತ್ತು. ಅರವತ್ತರ ದಶಕದಲ್ಲಿ ಹೊಸ ಗಾಡಿಗಳು ಬಂದಾಗ ಮಾಲೀಕರು ಇದನ್ನು ತಮ್ಮೂರಾದ ಕುರುಗೋಡಿನ ದಾರಿಗೆ ಹಾಕಿದರು. ನಾನಾಗ ಬಳ್ಳಾರಿಯಲ್ಲಿ ಶಾಲಾ ಶಿಕ್ಷಕಿ. ಕುರುಗೋಡಿನ ಮನೆಯಿಂದ ದಿನವೂ ಇದರಲ್ಲೇ ಹೋಗಿಬರುತ್ತಿದ್ದೆ.

ನಮ್ಮ ಕಡೆ ಕಿಟಕಿಯಿಂದ ಟವಲ್ಲು ಹಾಕಿದವನಿಗೆ ಸೀಟು. ಮಾಲೀಕರಿಗೆ ಆ ಕಷ್ಟವೂ ಇರಲಿಲ್ಲ. ಅವರ ಜರಿಯಂಚಿನ ಟವಲ್ಲನ್ನು ಆಳೊಬ್ಬ ಮೊದಲೇ ಡ್ರೈವರನ ಹಿಂದಿನ ಸೀಟಿನ ಮೇಲೆ ಹಾಸಿ ಹೋಗುತ್ತಿದ್ದ.

ಆ ದಿನ ಆಸ್ಪತ್ರೆಯಿಂದ ತಾಯಿಯನ್ನು ಕರೆತಂದು ಹತ್ತಿಸಿದೆ. ಬಸ್ಸು ಕಿಕ್ಕಿರಿದಿತ್ತು, ಆ ಸೀಟಿನಲ್ಲಿ ಮಾತ್ರ ಟವಲ್ಲೊಂದೇ ಕೂತಿತ್ತು. ಅದನ್ನು ಮಡಚಿಟ್ಟು ತಾಯಿಯನ್ನು ಕೂರಿಸಿದೆ. ಕಂಡಕ್ಟರ್ ಜನರ ನಡುವೆ ನುಗ್ಗಿ ಬಂದ.

“ಟೀಚರಮ್ಮಾರ, ಅದು ಧಣ್ಯಾರ ಟವಲ್ ಐತ್ರಿ. ಎಬ್ಬಿಸ್ರಿ ಅವ್ವಾರನ್ನ.”

“ಟವಲ್ಲಿಗೆ ಟಿಕೀಟ್ ಹರದೀಯೇನಲೇ?” ಎಂದು ಹಿಂದಿನಿಂದ ಒಬ್ಬ ಕೂಗಿದ. ಬಸ್ಸೆಲ್ಲ ನಕ್ಕಿತು. ಡ್ರೈವರ್ ಇಂಜಿನ್ ಆರಿಸಿ ಬೀಡಿ ಹಚ್ಚಿದ. ಆ ಬೀಡಿ ಮುಗಿಯುವವರೆಗೂ ನಗು ಉಳಿಯಲಿಲ್ಲ.

“ಏಳಬೇ ಯಮ್ಮಾ, ನಮಗೂ ಮನಿ ಐತಿ,” ಎಂದವನು ಟಿಕೀಟಿನ ಮಾತಾಡಿದ್ದವನೇ. ಉಳಿದವರು ದನಿಗೂಡಿಸಿದರು.

“ನಿಲ್ತೀನಿ ಬಿಡವ್ವ, ಕಾಲೇನು ಕುರುಡಾಗ್ಯಾವಾ?” ಎಂದು ತಾಯಿ ಎದ್ದಳು.

ಕಂಡಕ್ಟರ್ ಟವಲ್ಲನ್ನು ಮತ್ತೆ ಹಾಸಿದ. ಗುಂಡಿ ಬಂದಾಗಲೆಲ್ಲ ತಾಯಿಯ ತಲೆ ಕಂಬಿಗೆ ಬಡಿಯದಂತೆ ನಾನು ಅಂಗೈ ಅಡ್ಡ ಹಿಡಿದೆ.

ಮರುದಿನ ಮಾಲೀಕರ ಮನೆಗೇ ಹೋಗಿ ಕೇಳಿದೆ. ಅವರು ಹಿಂದಿನ ದಿನ ಬೆಳಗ್ಗೆಯೇ ಬಳ್ಳಾರಿಯಲ್ಲಿ ಇಳಿದು, ಜೀಪಿನಲ್ಲಿ ಸಿರುಗುಪ್ಪದ ತಮ್ಮ ಅಕ್ಕಿ ಗಿರಣಿಗೆ ಹೋಗಿದ್ದರಂತೆ.

“ಟವಲ್ ಮರ್ತು ಇಳಿದಿದ್ದೆ ನೋಡವ್ವ. ಎತ್ತಿಟ್ಟು ಕುಂದ್ರಬಾರ್ದಿತ್ತೇನು?” ಎಂದು ನಕ್ಕರು.

ಮರೆತುಹೋದ ಬಟ್ಟೆಯನ್ನು ಮುಟ್ಟುವ ಎದೆಯಿಲ್ಲದೆ ಅವರ ಆಳುಗಳು ಇಡೀ ದಿನ ಆ ಸೀಟನ್ನು ಖಾಲಿ ಓಡಿಸಿದ್ದರು. ಅವರನ್ನು ಹಾಗೆ ಹೆದರಿಸಿಟ್ಟವರು ಯಾರು ಎಂಬುದು ಆ ನಗುವಿಗೆ ಹೊಳೆಯಲಿಲ್ಲ.

ಎಂಬತ್ತರ ದಶಕದಲ್ಲಿ ಬಸ್ಸು ಮೂಲೆ ಸೇರಿತು. ಆಮೇಲೆ ಮಾಲೀಕರ ಮಕ್ಕಳು ಅದನ್ನು ಸಿಂಗರಿಸಿ ತಮ್ಮ ಗಿರಣಿಯ ಅಂಗಳದಲ್ಲಿ ಪ್ರದರ್ಶನಕ್ಕಿಟ್ಟು, ಹಳೆಯ ಪ್ರಯಾಣಿಕಳೆಂದು ನನ್ನನ್ನೂ ಉದ್ಘಾಟನೆಗೆ ಕರೆದರು. ತಾಯಿ ಆಗ ಬದುಕಿರಲಿಲ್ಲ. ನಾನು ನೇರವಾಗಿ ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತೆ. ಫೋಟೊದವನು ಸಜ್ಜಾದ. ಮುದುಕರಾಗಿದ್ದ ಮಾಲೀಕರು ಕೋಲೂರಿಕೊಂಡು ಬಂದರು.

“ಸ್ವಲ್ಪ ಏಳ್ರಿ ಟೀಚರಮ್ಮಾ, ಅಪ್ಪಾರು ಕುಂದರ್ತಾರ. ಮಂಡಿನೋವು ಅವರಿಗೆ,” ಎಂದ ಹಿರಿಮಗ.

“ನಿಂದರ್ಲಿ,” ಎಂದೆ.

ಬೇರೆ ಸೀಟಿನಲ್ಲಿ ಕೂರಲು ಅವರ ಗತ್ತು ಒಪ್ಪಲಿಲ್ಲ. ಫೋಟೊ ಮುಗಿಯುವವರೆಗೂ ಕಂಬಿ ಹಿಡಿದು ನಿಂತರು. ನನಗೆ ಸಂತೋಷವಾಯಿತು, ಸಾಲಲಿಲ್ಲ.

ಫಲಕವಂತೂ ಇನ್ನೂ ಹಾಗೇ ಇದೆ. ಅದನ್ನು ಬರೆಸಿದ ಮಕ್ಕಳನ್ನೂ, ಅಂದು ‘ಏಳಬೇ’ ಎಂದು ಇಂದು ಅದರ ಮುಂದೆ ನಿಂತು ಮೊಮ್ಮಕ್ಕಳಿಗೆ ಓದಿ ಹೇಳುವವರನ್ನೂ ಕೇಳುತ್ತೇನೆ: ಎಲ್ಲರೂ ಸಮಾನರಾಗಿ ಕೂತರು ಎಂದಿರಲ್ಲ, ನನ್ನ ತಾಯಿ ಎಲ್ಲಿ ಕೂತಿದ್ದಳು?